ಕೂಡ್ಲಿನಿಂದ ಕಳಮಶ್ಶೇರಿಯವರೆಗೆ

ಕಾಸರಗೋಡು ಪೇಟೆಯಿಂದ ಉತ್ತರಕ್ಕೆ ಹೆದ್ದಾರಿ ಹಿಡಿದು ಹೊರಟವರಿಗೆ ಅನತಿ ದೂರದಲ್ಲಿಯೇ ಕೂಡ್ಲಿನ ತೆಂಗಿನ ತೋಪು ಎದುರಾಗುತ್ತದೆ. ನಮ್ಮ ಕರಾವಳಿಯಲ್ಲಿ ತೆಂಗಿಲ್ಲದ ಹಿತ್ತಿಲಿಲ್ಲವಾದುದರಿಂದ ದಾರಿಹೋಕರ ಕಣ್ಣಿಗೆ ಈ ತೋಪಿನಲ್ಲಿ ವಿಶೇಷವೇನೂ ತೋರದು. ಆದರೆ ಇದು ಶತಮಾನ ಕಂಡ ತೋಪು. ಕಾಸರಗೋಡು ಇನ್ನೂ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಲದಲ್ಲಿ, ೧೯೧೬ರಲ್ಲಿ, ಅಂದಿನ ಸರಕಾರ ಇಲ್ಲಿ ತೆಂಗಿನ ಸಂಶೋಧನಾ ಕೇಂದ್ರವನ್ನು ತೆರೆಯಿತು. ೧೯೫೬ರ ನವೆಂಬರ ೧ರಂದು ಊರು ಕೇರಳಕ್ಕೆ ಸೇರಿತು. ಕೇಂದ್ರ ಇದ್ದಲ್ಲಿಯೇ ಉಳಿಯಿತು. ೧೯೭೦ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ನಮ್ಮವರ ಬಾಯಲ್ಲಿ ಅದು ಸಿ.ಪಿ.ಸಿ.ಆರ್.ಐ.

ನಾವು ಮೂವರು, ಎಂದರೆ ನಿವೃತ್ತ ಅಧ್ಯಾಪಕರೊಬ್ಬರು, ಅಡಕೆ ಕೃಷಿಕರೊಬ್ಬರು, ಮತ್ತು ಈ ಲೇಖನಿಯನ್ನು ಹಿಡಿದವರು, ಈ ಸಲ ಕ್ಷೇತ್ರದರ್ಶನಕ್ಕಾಗಲಿ ಬೇಕಲದ ಕೋಟೆಗಾಗಲಿ ಹೊರಟವರಲ್ಲ. ಹೊಸ ಉದ್ಯಮ ತೊಡಗುವವರಿಗೆ ಸರಕಾರ ನೀಡುವ ನೆರವು ಎಲ್ಲಿ ನೆಲೆಸಿದೆ, ಅದು ಯಾರ ಕೈಗೆ ಹೇಗೆ ತಲುಪುತ್ತದೆ ಎಂಬುದನ್ನು ಕಣ್ಣಾರೆ ನೋಡಿಬರುವುದು ನಮ್ಮ ಉದ್ದೇಶವಾಗಿತ್ತು. ಅದಕ್ಕೆ ಕಾರಣವೂ ಇದೆ. ಈಚಿನ ವರ್ಷಗಳಲ್ಲಿ ನಮ್ಮ ಮನೆಗಳ ಜಗಲಿಯಲ್ಲಿ ಒಂದೇ ಬಗೆಯ ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಬಂದು ಸ್ವಂತ ಉದ್ಯಮ ಮಾಡುತ್ತೇನೆಂದು ಮಗ ಹೇಳುತ್ತಾನೆ. ಹಲಸಿನ ಹಪ್ಪಳವನ್ನು ಚೆನ್ನಾಗಿ ಕಟ್ಟಿ ಹೊರ ಊರುಗಳಿಗೆ ಕಳುಹಿಸಿದರೇನೆಂದು ಸೊಸೆ ಕೇಳುತ್ತಾಳೆ. ‘ಸರಕಾರ ಹಣ ಕೊಡುತ್ತದಂತೆ, ಹೌದೋ?’ ಎಂದು ತಂದೆ ನೆರೆಮನೆಯವರನ್ನು ವಿಚಾರಿಸುತ್ತಾರೆ. ಎಲ್ಲವೂ ಪುಕ್ಕಟೆ ಎಂದು ಒಬ್ಬರು, ಎಲ್ಲವೂ ಬೊಗಳೆ ಎಂದು ಇನ್ನೊಬ್ಬರು. ಈ ಎರಡು ಉತ್ತರಗಳನ್ನು ನಂಬಿ ಮನೆಯ ಆಸ್ತಿಯನ್ನು ಪಣಕ್ಕಿಡುವುದು ವಿವೇಕವಲ್ಲ. ಆದುದರಿಂದ ನಾವು ಮನೆಗೆ ಅತ್ಯಂತ ಸಮೀಪದ ಬಾಗಿಲಿನಿಂದಲೇ ಪ್ರಾರಂಭಿಸಿದೆವು.

ಕೂಡ್ಲಿನ ಸಂಸ್ಥೆಯ ಕೆಲಸ ತಳಿ ಅಭಿವೃದ್ಧಿಗೂ ರೋಗ ಪರಿಹಾರಕ್ಕೂ ಸೀಮಿತವೆಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಅಲ್ಲಿ ಕೃಷಿ ಉದ್ಯಮಗಳ ಪೋಷಣೆಗೆಂದೇ ಒಂದು ವಿಭಾಗವಿದೆ. ಅದನ್ನು ಇನ್‌ಕ್ಯುಬೇಟರ್ ಎಂದು ಕರೆಯುತ್ತಾರೆ. ಕೋಳಿಮೊಟ್ಟೆಗೆ ಕೃತಕವಾಗಿ ಕಾವು ಕೊಡುವ ಪೆಟ್ಟಿಗೆಗೆ ಇರುವ ಹೆಸರೇ ಇದು. ಹೊಸ ಉದ್ಯಮವೆಂಬ ಮೊಟ್ಟೆ ಒಡೆದು ಮರಿ ಹೊರಬರುವವರೆಗೆ ಬೇಕಾದ ಬಿಸುಪನ್ನು, ಎಂದರೆ ತಂತ್ರಜ್ಞಾನ, ತರಬೇತಿ, ಯಂತ್ರಗಳ ಬಳಕೆ, ಸಲಹೆ ಇವುಗಳನ್ನು ಒದಗಿಸುವ ಸ್ಥಳ ಎಂದು ಅರ್ಥ. ತೆಂಗಿನಕಾಯಿಯ ಚಿಪ್ಸ್, ಶುದ್ಧ ತೆಂಗಿನೆಣ್ಣೆ ಮೊದಲಾದವನ್ನು ತಯಾರಿಸುವ ವಿಧಾನಗಳನ್ನು ಆಸಕ್ತರು ಇಲ್ಲಿ ಕಲಿಯಬಹುದು. ಸ್ವಂತ ಯಂತ್ರಕ್ಕೆ ಹಣ ಸುರಿಯುವ ಮುನ್ನ ಕೈಯಲ್ಲಿ ಮಾಡಿ ನೋಡುವ ಅವಕಾಶ ದೊರೆಯುವುದೇ ಇದರ ದೊಡ್ಡ ಪ್ರಯೋಜನ.

ಇಲ್ಲಿಯ ‘ಕಲ್ಪರಸ’ದ ಕತೆ ಕೇಳತಕ್ಕದ್ದು. ತೆಂಗಿನ ಹೊಂಬಾಳೆಯಿಂದ ಇಳಿಯುವ ಸಿಹಿರಸ ಬಿಸಿಲೇರಿದಂತೆ ಹುಳಿತು ಕಳ್ಳಾಗುವುದು ಎಲ್ಲರಿಗೂ ತಿಳಿದ ವಿಷಯ. ಹುಳಿಯದಂತೆ ಹಿಡಿದರೆ ಅದು ಮಕ್ಕಳೂ ಕುಡಿಯಬಹುದಾದ ಪಾನೀಯ. ಕುದಿಸಿದರೆ ಬೆಲ್ಲ, ಸಕ್ಕರೆ. ಹೊಂಬಾಳೆಗೆ ಮಂಜುಗಡ್ಡೆ ತುಂಬಿದ ಸಣ್ಣ ಪೆಟ್ಟಿಗೆಯನ್ನು ಕಟ್ಟಿ, ರಸ ತಣ್ಣಗೆ ಇಳಿಯುವಂತೆ ಮಾಡುವ ಉಪಾಯವನ್ನು ಇಲ್ಲಿಯ ವಿಜ್ಞಾನಿಗಳು ರೂಪಿಸಿದರು. ಉಪಕರಣ ಸರಳ. ಆದರೆ ಅದು ಉದ್ಯಮವಾಗಬೇಕಾದರೆ ಅಬಕಾರಿ ಕಾನೂನು ಸಡಿಲಬೇಕಿತ್ತು. ೨೦೧೪ರಲ್ಲಿ ಕೇರಳ ನೀರಾ ಇಳಿಸಲು ಅನುಮತಿ ಕೊಟ್ಟಿತು. ತೆಂಗು ಬೆಳೆಗಾರರ ಕಂಪೆನಿಗಳು ಹುಟ್ಟಿಕೊಂಡವು, ಸರಕಾರದ ನೆರವೂ ಬಂದಿತು. ಆದರೆ ರಸವನ್ನು ಕೆಡದಂತೆ ಗಿರಾಕಿಯ ಕೈಗೆ ಮುಟ್ಟಿಸುವ ಖರ್ಚು, ಇಳಿಸುವ ನುರಿತ ಕೈಗಳ ಅಭಾವ, ಮಾರುಕಟ್ಟೆಯ ಅನಿಶ್ಚಿತತೆ ಇವುಗಳಿಂದ ಕೇರಳದ ಅನೇಕ ನೀರಾ ಘಟಕಗಳು ನಷ್ಟಕ್ಕೆ ಸಿಲುಕಿದವು. ಅನುಮತಿ, ತಂತ್ರಜ್ಞಾನ, ಧನಸಹಾಯ ಮೂರೂ ಇದ್ದು, ಕೊಳ್ಳುವವನು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ. ನಮ್ಮ ಪ್ರವಾಸದ ಉದ್ದಕ್ಕೂ ಈ ಪಾಠ ನಮ್ಮನ್ನು ಹಿಂಬಾಲಿಸಿತು.

ಕೂಡ್ಲಿನಿಂದ ನಾವು ವಿದ್ಯಾನಗರಕ್ಕೆ ಬಂದೆವು. ೧೯೮೪ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ಮೇಲೆ ಬೆಳೆದ ಆಡಳಿತ ಕೇಂದ್ರವಿದು. ಜಿಲ್ಲಾ ಉದ್ಯಮ ಕೇಂದ್ರವಿರುವುದೂ ಇಲ್ಲಿಯೇ. ಸಣ್ಣ ಕೈಗಾರಿಕೆಗಳಿಗೆ ಬೇಕಾದ ಸಲಹೆ ಸಹಾಯಗಳೆಲ್ಲ ಒಂದೇ ಮಾಡಿನ ಕೆಳಗೆ ದೊರೆಯಲೆಂದು ೧೯೭೮ರಲ್ಲಿ ದೇಶಾದ್ಯಂತ ಇಂತಹ ಕೇಂದ್ರಗಳ ಯೋಜನೆ ಪ್ರಾರಂಭವಾಯಿತು. ಇಲ್ಲಿ ತಿಳಿಯಬಂದ ಸಂಗತಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದನ್ನು ವಾಚಕರ ಮುಂದಿಡುತ್ತೇವೆ. ‘ಸಬ್ಸಿಡಿ’ ಎಂಬ ಮಾತನ್ನು ನಮ್ಮವರು ಕೈಗೆ ಬರುವ ರೊಕ್ಕವೆಂದು ತಿಳಿದಿದ್ದಾರೆ. ಅದು ಹಾಗಲ್ಲ.

ಉದಾಹರಣೆಗೆ, ೨೦೦೮ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನು ತೆಗೆದುಕೊಳ್ಳೋಣ. ೨೦೨೨ರ ಪರಿಷ್ಕರಣೆಯಲ್ಲಿ ಉತ್ಪಾದನಾ ಘಟಕಕ್ಕೆ ೫೦ ಲಕ್ಷ, ಸೇವಾ ಘಟಕಕ್ಕೆ ೨೦ ಲಕ್ಷ ರೂಪಾಯಿಗಳವರೆಗಿನ ಯೋಜನೆಗಳಿಗೆ ಅವಕಾಶ ಕಲ್ಪಿಸಲಾಯಿತು. ಗ್ರಾಮಾಂತರದಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ ೨೫, ಮಹಿಳೆಯರೇ ಮೊದಲಾದ ವಿಶೇಷ ವರ್ಗದವರಿಗೆ ಶೇಕಡಾ ೩೫ ಸಹಾಯಧನವೆಂದು ನಿಯಮ. ಹಳ್ಳಿಯ ಹೆಂಗಸೊಬ್ಬಳು ೧೦ ಲಕ್ಷದ ಘಟಕ ಹೂಡುವಳೆಂದು ಇಟ್ಟುಕೊಳ್ಳಿ. ಶೇಕಡಾ ೫, ಎಂದರೆ ೫೦ ಸಾವಿರ ಅವಳ ಸ್ವಂತದ್ದಾಗಬೇಕು. ಉಳಿದ ೯.೫ ಲಕ್ಷವನ್ನು ಬ್ಯಾಂಕು ಮಂಜೂರು ಮಾಡಬೇಕು. ಸರಕಾರದ ೩.೫ ಲಕ್ಷ ಅವಳ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿಯೇ ಅವಳ ಹೆಸರಿನಲ್ಲಿ ಮೂರು ವರ್ಷ ಠೇವಣಿಯಾಗಿರುತ್ತದೆ. ಮೂರು ವರ್ಷ ಘಟಕ ನಡೆದುದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಬಾಗಿಲು ಹಾಕಿದವರಿಗೆ ಅದು ದಕ್ಕದು. ಅಂದರೆ ಸರಕಾರದ ಪಾಲು ಉದ್ಯಮ ನಿಂತು ಬಾಳಿದುದಕ್ಕೆ ದೊರೆಯುವ ಫಲ; ಆರಂಭದ ಭಾರವನ್ನು ಹೊರುವವರು ಮನೆಯವರೂ ಬ್ಯಾಂಕಿನವರೂ. ಇದನ್ನರಿಯದೆ, ಕೈಗೆ ಹಣ ಬರುವುದೆಂದು ನಂಬಿ, ಮೊದಲೇ ಹೊರಗೆ ಹೆಚ್ಚು ಬಡ್ಡಿಗೆ ಸಾಲವೆತ್ತಿದವರ ಪಾಡು ಶೋಚನೀಯ.

ಅಡುಗೆಮನೆಯಿಂದ ಹುಟ್ಟುವ ಉದ್ಯಮಗಳಿಗೆ ಇನ್ನೊಂದು ದಾರಿಯಿದೆ. ೨೦೨೦ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಯೋಜನಾವೆಚ್ಚದ ಶೇಕಡಾ ೩೫ರಂತೆ, ಗರಿಷ್ಠ ೧೦ ಲಕ್ಷದವರೆಗೆ ಸಹಾಯಧನವೆಂದು ಗೊತ್ತುಮಾಡಲಾಯಿತು. ಆಹಾರ ಪದಾರ್ಥ ತಯಾರಿಸುವ ಸ್ವಸಹಾಯ ಸಂಘದ ಸದಸ್ಯೆಯೊಬ್ಬಳಿಗೆ ದುಡಿಮೆಯ ಬಂಡವಾಳವಾಗಿ, ಸಣ್ಣಪುಟ್ಟ ಉಪಕರಣಕ್ಕಾಗಿ ೪೦ ಸಾವಿರ ರೂಪಾಯಿಗಳವರೆಗೆ ಒದಗಿಸುವ ಅವಕಾಶವೂ ಅದರಲ್ಲಿತ್ತು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಇವು ನಮ್ಮ ತಾಯಂದಿರು ಬೇಸಗೆಯ ರಜೆಯಲ್ಲಿ ಮನೆಮಂದಿಗಾಗಿ ಮಾಡುತ್ತಿದ್ದ ಕೆಲಸಗಳು. ಅವಕ್ಕೆ ಸರಕಾರದ ಕಡತದಲ್ಲಿ ಒಂದು ಹೆಸರೂ ಒಂದು ಲೆಕ್ಕವೂ ದೊರೆತಿರುವುದು ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಜೊತೆಯ ಕೃಷಿಕರು, ‘ಇದೆಲ್ಲ ಹೊಸತೆಂದು ನೀವು ಬೆರಗಾಗುತ್ತೀರಿ. ನಮ್ಮ ಕಡೆಯವರು ಇದನ್ನು ಐವತ್ತು ವರ್ಷ ಹಿಂದೆಯೇ ಮಾಡಿ ತೋರಿಸಿದ್ದಾರಲ್ಲ?’ ಎಂದರು. ಅವರು ನೆನೆದದ್ದು ಕ್ಯಾಂಪ್ಕೊವನ್ನು. ೧೯೭೦ರ ಸುಮಾರಿಗೆ ಅಡಕೆಯ ಧಾರಣೆ ಕುಸಿದು ತೋಟದ ಮನೆಗಳು ದಿಕ್ಕುಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರು ಒಂದಾದರು. ಕರ್ನಾಟಕ, ಕೇರಳ ಎರಡೂ ಸರಕಾರಗಳ ಸಹಯೋಗದಿಂದ ೧೯೭೩ರ ಜುಲೈ ೧೧ರಂದು ಮಂಗಳೂರಿನಲ್ಲಿ ಆ ಸಹಕಾರಿ ಸಂಸ್ಥೆ ಹುಟ್ಟಿತು. ಗಡಿಯ ಎರಡೂ ಕಡೆಯ ಬೆಳೆಗಾರರಿಗೆ ಅದೊಂದೇ ಸಂಸ್ಥೆ. ಮುಂದೆ ಕೊಕ್ಕೋ ಬೀಜವನ್ನು ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದಾಗ ಅದೇ ಸಂಸ್ಥೆ ಖರೀದಿಗೆ ಇಳಿಯಿತು. ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ನಡೆಸತೊಡಗಿತು. ಅಂದು ಸ್ಟಾರ್ಟಪ್ ಎಂಬ ಶಬ್ದ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಕೆಲಸ ಮಾತ್ರ ಅದೇ: ಬೆಳೆಗಾರರ ಪಾಲುಹಣ, ಸರಕಾರಗಳ ಬೆಂಬಲ, ಎಲ್ಲಕ್ಕಿಂತ ಮಿಗಿಲಾಗಿ, ತಂದ ಮಾಲನ್ನು ಕೊಳ್ಳುವೆನೆಂದು ಎದುರಿಗೆ ನಿಂತ ಒಂದು ಸಂಸ್ಥೆ. ನೀರಾ ಘಟಕಗಳಿಗೆ ಇಲ್ಲದೆ ಹೋದುದು ಈ ಕೊನೆಯದೇ.

ಮರುದಿನ ಮುಂಜಾನೆ ಪರಶುರಾಮ ಎಕ್ಸ್‌ಪ್ರೆಸ್ಸಿನಲ್ಲಿ ದಕ್ಷಿಣಕ್ಕೆ ಪ್ರಯಾಣ ಬೆಳೆಸಿದೆವು. ಗಾಡಿ ಚಂದ್ರಗಿರಿ ಹೊಳೆಯನ್ನು ದಾಟುವಾಗ ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಕಾಞಂಗಾಡು, ನೀಲೇಶ್ವರ, ಪಯ್ಯನ್ನೂರು ಕಳೆಯಿತು. ಕಣ್ಣೂರು ಸಮೀಪಿಸುವ ಮೊದಲು ಕಲ್ಯಾಶ್ಶೇರಿ ಎಂಬ ಊರಿನ ಪ್ರದೇಶವನ್ನು ಹಾಯುತ್ತೇವೆ. ಮುಖ್ಯಮಂತ್ರಿಗಳಾಗಿದ್ದ ಇ. ಕೆ. ನಾಯನಾರ್ ಹಾಗೂ ವಿದ್ಯುನ್ಮಾನ ತಜ್ಞ ಕೆ. ಪಿ. ಪಿ. ನಂಬಿಯಾರ್ ಇಬ್ಬರೂ ಈ ಊರಿನವರು. ನಂಬಿಯಾರರು ೧೯೭೩ರಲ್ಲಿ ಕೇರಳದ ಸರಕಾರಿ ಎಲೆಕ್ಟ್ರಾನಿಕ್ಸ್ ಸಂಸ್ಥೆಯಾದ ಕೆಲ್ಟ್ರಾನನ್ನು ಕಟ್ಟಿದರು. ನಾಯನಾರರ ಆಡಳಿತ ಕಾಲದಲ್ಲಿ, ೧೯೯೦ರಲ್ಲಿ, ಇಬ್ಬರ ಆಸಕ್ತಿಯಿಂದ ತಿರುವನಂತಪುರದಲ್ಲಿ ಟೆಕ್ನೋಪಾರ್ಕ್ ತಲೆಯೆತ್ತಿತು. ದೇಶದ ಮೊದಲ ತಂತ್ರಜ್ಞಾನ ಪಾರ್ಕ್ ಅದು. ಅದರ ಒಡಲಲ್ಲಿ ಹುಟ್ಟಿದ ಪುಟ್ಟ ಪೋಷಣಕೇಂದ್ರವೇ ಬೆಳೆದು ಇಂದಿನ ಕೇರಳ ಸ್ಟಾರ್ಟಪ್ ಮಿಷನ್ ಆಗಿದೆ. ಕರಾವಳಿಯ ಹಳ್ಳಿಯೊಂದರ ಇಬ್ಬರು ರಾಜಧಾನಿಯಲ್ಲಿ ನೆಟ್ಟ ಗಿಡ ಇದೆಂದು ಅಧ್ಯಾಪಕರು ಹೇಳಿದಾಗ, ಕಿಟಕಿಯಾಚೆಗಿನ ತೆಂಗುಗಳನ್ನು ನಾವು ಇನ್ನಷ್ಟು ಗೌರವದಿಂದ ನೋಡಿದೆವು.

ಕೋಳಿಕೋಡಿನಲ್ಲಿ ಗಾಡಿ ನಿಂತಾಗ ಮನಸ್ಸು ಭಾರವಾಯಿತು. ೨೦೧೫ರ ನವೆಂಬರ ೨೬ರಂದು ಈ ನಗರದಲ್ಲಿ ಆಂಧ್ರದಿಂದ ಬಂದ ಇಬ್ಬರು ಕೂಲಿಕಾರರು ಚರಂಡಿಯ ಆಳುಗುಂಡಿಗೆ ಇಳಿದು ವಿಷಗಾಳಿಗೆ ಸಿಕ್ಕಿದರು. ದಾರಿಯಲ್ಲಿ ಹೋಗುತ್ತಿದ್ದ ರಿಕ್ಷಾ ಚಾಲಕನೊಬ್ಬ, ಅವರು ಯಾರೆಂದು ಅರಿಯದೆಯೇ, ರಕ್ಷಿಸಲು ಇಳಿದ. ಮೂವರೂ ಮೇಲೆ ಬರಲಿಲ್ಲ. ಮನುಷ್ಯರನ್ನು ಹೀಗೆ ಗುಂಡಿಗೆ ಇಳಿಸಬಾರದೆಂದು ೨೦೧೩ರಲ್ಲಿಯೇ ಕಾನೂನಾಗಿತ್ತು. ಆದರೆ ಗುಂಡಿ ಕಟ್ಟಿದಾಗ ಕಾನೂನು ಅದನ್ನು ಬಿಡಿಸದು. ಕೆಲಸಕ್ಕೆ ಬೇರೆ ಸಾಧನವಿಲ್ಲದಿದ್ದರೆ ಬಡವನೇ ಇಳಿಯುತ್ತಾನೆ.

ತಿರೂರು ಕಳೆದು ಭಾರತಪ್ಪುಳೆಯ ದಂಡೆಯ ಕುಟ್ಟಿಪ್ಪುರ ಬಂದಿತು. ಇಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ನಾಲ್ವರು ಗೆಳೆಯರು ಆ ಸಾಧನವನ್ನು ತಯಾರಿಸಿದವರು. ೨೦೧೭ರಲ್ಲಿ ಅವರು ಜೆನ್‌ರೊಬೋಟಿಕ್ಸ್ ಎಂಬ ಸಂಸ್ಥೆಯನ್ನು ತೊಡಗಿದರು. ಯಂತ್ರಕ್ಕೆ ಬ್ಯಾಂಡಿಕೂಟ್ ಎಂದು ಹೆಸರಿಟ್ಟರು. ಬ್ಯಾಂಡಿಕೂಟ್ ಎಂದರೆ ಹೆಗ್ಗಣ. ಇಂಗ್ಲಿಷಿನ ಆ ಶಬ್ದವೇ ತೆಲುಗಿನ ಪಂದಿಕೊಕ್ಕು ಎಂಬುದರಿಂದ ಹುಟ್ಟಿದ್ದು. ಕಾಲುಗಳುಳ್ಳ ಈ ಯಂತ್ರ ಗುಂಡಿಗೆ ಇಳಿದು, ಕ್ಯಾಮೆರಾಗಳ ಮೂಲಕ ಒಳಗನ್ನು ತೋರಿಸುತ್ತ, ತನ್ನ ಕೈಯಿಂದ ಹೂಳು ಕಸಗಳನ್ನೆತ್ತುತ್ತದೆ. ನಡೆಸುವವನು ಮೇಲೆ ಬಯಲುಗಾಳಿಯಲ್ಲಿ ನಿಂತಿರುತ್ತಾನೆ. ೨೦೧೮ರಲ್ಲಿ ತಿರುವನಂತಪುರದಲ್ಲಿ ಅದು ಕೆಲಸಕ್ಕೆ ಇಳಿಯಿತು.

ಇಲ್ಲಿ ಸರಕಾರ ಮಾಡಿದ ಸಹಾಯದ ಸ್ವರೂಪವನ್ನು ಗಮನಿಸಬೇಕು. ಸ್ಟಾರ್ಟಪ್ ಮಿಷನ್ ಧನಸಹಾಯವನ್ನೂ ಮಾರ್ಗದರ್ಶನವನ್ನೂ ನೀಡಿತು, ನಿಜ. ಅದರ ಜೊತೆಗೆ ಕೇರಳ ಜಲ ಪ್ರಾಧಿಕಾರ, ಎಂದರೆ ಚರಂಡಿಗಳ ಹೊಣೆ ಹೊತ್ತ ಇಲಾಖೆಯೇ, ಯಂತ್ರವನ್ನು ತನ್ನ ಗುಂಡಿಗಳಲ್ಲಿ ಪರೀಕ್ಷಿಸಲು ಅವಕಾಶ ಕೊಟ್ಟು, ಬಳಸಲು ಮುಂದಾಯಿತು. ಹೊಸ ಯಂತ್ರವನ್ನು ಹೊತ್ತು ಬಂದ ಹುಡುಗರಿಗೆ ‘ಮೊದಲು ಎಲ್ಲಿ ಮಾರಿದ್ದೀರಿ?’ ಎಂಬ ಪ್ರಶ್ನೆ ಎಲ್ಲೆಡೆ ಎದುರಾಗುತ್ತದೆ. ಅದಕ್ಕೆ ಉತ್ತರವಿರಬೇಕಾದರೆ ಯಾರಾದರೂ ಮೊದಲಿಗರಾಗಿ ಕೊಳ್ಳಬೇಕು. ಖಾಸಗಿಯವರು ಹಿಂಜರಿಯುವ ಆ ಜಾಗದಲ್ಲಿ ಸರಕಾರಿ ಇಲಾಖೆ ನಿಂತರೆ, ಅದರ ಬೆಲೆಯನ್ನು ಅನುದಾನದ ಅಂಕೆಗಳಿಂದ ಅಳೆಯಲಾಗದು. ನೋಂದಾಯಿತ ನವೋದ್ಯಮಗಳಿಂದ ನಿಗದಿತ ಮಿತಿಯವರೆಗೆ ಟೆಂಡರಿಲ್ಲದೆ ನೇರವಾಗಿ ಕೊಳ್ಳಲು ಕೇರಳ ಸರಕಾರ ತನ್ನ ಇಲಾಖೆಗಳಿಗೆ ಅನುಮತಿ ಕೊಟ್ಟಿರುವುದು ಇದೇ ಉದ್ದೇಶದಿಂದ.

ಮಧ್ಯಾಹ್ನ ಆಲುವದಲ್ಲಿ ಇಳಿದು, ೨೦೧೭ರಿಂದ ಓಡುತ್ತಿರುವ ಕೊಚ್ಚಿ ಮೆಟ್ರೋ ಹಿಡಿದು, ಕೆಲವೇ ನಿಲ್ದಾಣಗಳಲ್ಲಿ ಕಳಮಶ್ಶೇರಿಯನ್ನು ಸೇರಿದೆವು. ಇದು ಹಳೆಯ ಕೈಗಾರಿಕಾ ನೆಲ. ಬೆಂಗಳೂರಿನಲ್ಲಿ ೧೯೫೩ರಲ್ಲಿ ಆರಂಭವಾದ ಎಚ್.ಎಂ.ಟಿ. ತನ್ನ ಒಂದು ಕಾರ್ಖಾನೆಯನ್ನು ಅರವತ್ತರ ದಶಕದಲ್ಲಿ ಇಲ್ಲಿ ತೆರೆಯಿತು. ಗೊಬ್ಬರ ತಯಾರಿಸುವ ಫ್ಯಾಕ್ಟ್ ಇರುವುದೂ ಸಮೀಪದಲ್ಲಿಯೇ. ಅಂದು ಸರಕಾರ ತಾನೇ ಕಾರ್ಖಾನೆ ಕಟ್ಟಿ ಕೆಲಸ ಕೊಡುತ್ತಿತ್ತು. ಇಂದು ಕಾರ್ಖಾನೆ ಕಟ್ಟಬಯಸುವವರಿಗೆ ಜಾಗ ಕೊಡುತ್ತದೆ. ೨೦೧೨ರಲ್ಲಿ ಸರಕಾರ ಹಾಗೂ ಖಾಸಗಿಯವರ ಸಹಭಾಗಿತ್ವದಲ್ಲಿ ಸ್ಟಾರ್ಟಪ್ ವಿಲೇಜ್ ಇಲ್ಲಿ ಪ್ರಾರಂಭವಾಯಿತು. ೨೦೧೯ರ ಜನವರಿಯಲ್ಲಿ ೧,೮೦,೦೦೦ ಚದರಡಿಯ ಹೊಸ ಸಂಕೀರ್ಣದ ಉದ್ಘಾಟನೆಯಾಯಿತು. ಅದರಲ್ಲಿಯೇ ಕೇಂದ್ರ, ರಾಜ್ಯ ಸರಕಾರಗಳು ಕೂಡಿ ಬೆಳೆಸಿದ ಮೇಕರ್ ವಿಲೇಜ್ ಇದೆ. ವಿದ್ಯುನ್ಮಾನ ಉಪಕರಣಗಳನ್ನು ರೂಪಿಸುವವರಿಗೆ ಬೇಕಾದ ಪ್ರಯೋಗಶಾಲೆ, ಅಳತೆಯ ಯಂತ್ರಗಳು, ಪದರದ ಮೇಲೆ ಪದರವಿಟ್ಟು ವಸ್ತುವನ್ನೇ ‘ಮುದ್ರಿಸುವ’ ಯಂತ್ರ, ಇವೆಲ್ಲ ಸಾಮಾನ್ಯ ಕುಟುಂಬದ ಹುಡುಗನೊಬ್ಬ ಸ್ವಂತಕ್ಕೆ ಕೊಳ್ಳಲಾಗದ ವಸ್ತುಗಳು. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಬಳಸುವಂತೆ ಇಲ್ಲಿ ಅವನ್ನು ಬಳಸುತ್ತಾರೆ.

ಇಲ್ಲಿಯ ಅನುದಾನಗಳಿಗೆ ಮೆಟ್ಟಿಲುಗಳಿವೆ. ಯೋಚನೆ ಮಾತ್ರ ಇರುವವರಿಗೆ ಒಂದು, ಮಾದರಿಯನ್ನು ಮಾರಾಟಯೋಗ್ಯ ವಸ್ತುವನ್ನಾಗಿ ಮಾಡುವವರಿಗೆ ಇನ್ನೊಂದು, ವ್ಯಾಪಾರವನ್ನು ಹಿಗ್ಗಿಸುವವರಿಗೆ ಮತ್ತೊಂದು. ಪ್ರತಿ ಮೆಟ್ಟಿಲಿನಲ್ಲಿಯೂ ತಜ್ಞರ ಮುಂದೆ ಸ್ಪರ್ಧಿಸಿ ಗೆಲ್ಲಬೇಕು. ಕೇಂದ್ರ ಸರಕಾರದ ನೆರವೂ ಹೀಗೆಯೇ ಪೋಷಣಕೇಂದ್ರಗಳ ಮೂಲಕ ಹರಿದು ಬಂದಿದೆ. ೨೦೧೬ರ ಜನವರಿ ೧೬ರಂದು ಸ್ಟಾರ್ಟಪ್ ಇಂಡಿಯಾ ಕಾರ್ಯಕ್ರಮ ಪ್ರಾರಂಭವಾಯಿತು. ೨೦೨೧ರಲ್ಲಿ ೯೪೫ ಕೋಟಿಯ ಬೀಜನಿಧಿಯನ್ನು ಘೋಷಿಸಿ, ಯೋಚನೆಯನ್ನು ಪ್ರಯೋಗದಿಂದ ಸಿದ್ಧಪಡಿಸಲು ೨೦ ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ತರಲು ೫೦ ಲಕ್ಷದವರೆಗೆ ಸಾಲದ ರೂಪದ ಬಂಡವಾಳ ಎಂದು ನಿಯಮಿಸಲಾಯಿತು. ಹೀಗೆ ಕೊಟ್ಟ ಹಣವೆಲ್ಲ ಫಲ ಕೊಡುವುದಿಲ್ಲ. ಹೊಸ ಉದ್ಯಮಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ನಿಂತುಹೋಗುವುದು ಲೋಕದ ಎಲ್ಲ ಕಡೆಯ ಅನುಭವ. ಆದುದರಿಂದಲೇ ಮೊದಲ ನಷ್ಟ ಒಂದೇ ಮನೆಯ ತಲೆಯ ಮೇಲೆ ಬೀಳದಂತೆ ಸಾರ್ವಜನಿಕ ಹಣ ಅದನ್ನು ಹಂಚಿಕೊಳ್ಳುತ್ತದೆ. ತೆರಿಗೆ ಕೊಡುವ ನಾವೆಲ್ಲರೂ ಒಂದು ಬಗೆಯಲ್ಲಿ ಆ ಹುಡುಗರ ಪಾಲುದಾರರೇ.

ಇಂತಹ ಮಾತುಕತೆಯಲ್ಲಿದ್ದಾಗ ನಮ್ಮ ಕನ್ನಡವನ್ನು ಕೇಳಿ ತರುಣನೊಬ್ಬ ಹತ್ತಿರ ಬಂದ. ಬದಿಯಡ್ಕದ ಕಡೆಯವನು, ಕೆಲಸದ ನಿಮಿತ್ತ ಯಾರನ್ನೋ ಕಾಣಲು ಬಂದಿದ್ದ. ಚಾಲಿ ಅಡಕೆಯನ್ನು ಅಂಗಳದಲ್ಲಿ ನಲವತ್ತು ದಿನ ಒಣಗಿಸಿದರೂ ಒಳಗೆ ತೇವ ಉಳಿದು ಬೂಸ್ಟು ಹಿಡಿಯುವುದುಂಟಷ್ಟೆ? ಸುಲಿಯುವ ಮೊದಲೇ ಆ ತೇವವನ್ನು ಅಳೆಯುವ ಪುಟ್ಟ ಉಪಕರಣವೊಂದನ್ನು ಅವನು ಮಾಡುತ್ತಿದ್ದ. ನಮ್ಮ ಕೃಷಿಕರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ‘ಮನೆಯಲ್ಲಿ ಏನೆನ್ನುತ್ತಾರಪ್ಪ?’ ಎಂದು ಅಧ್ಯಾಪಕರು ಕೇಳಿದರು.

‘ಏನು ಹೇಳುವುದು, ಮಾಷ್ಟ್ರೇ,’ ಎಂದು ಅವನು ತುಸು ತಡೆದ. ‘ಅಪ್ಪ ತೋಟದ ಮೇಲೆ ಸಾಲ ತೆಗೆದುಕೊಟ್ಟರು. ಮೊದಲಿನ ಎರಡು ಮಾದರಿಗಳು ಕೆಟ್ಟವು, ಹಣವೆಲ್ಲ ಅದಕ್ಕೇ ಹೋಯಿತು. ಇಲ್ಲಿ ಇಂತಹ ಯಂತ್ರಗಳಿವೆ, ಯೋಚನೆಯ ಹಂತಕ್ಕೂ ಅನುದಾನವಿದೆ ಎಂದು ಗೊತ್ತಾದದ್ದು ಆ ಮೇಲೆ. ಯಾರೂ ಕೊಡುವುದಿಲ್ಲ ಅನ್ನಲಿಲ್ಲ. ಕೇಳಬೇಕೆಂದೇ ನಮಗೆ ತಿಳಿದಿರಲಿಲ್ಲ. ಊರಿನಲ್ಲಿ ಕೂಡ್ಲಿನ ಸಂಸ್ಥೆಯ ಎದುರಿನಿಂದಲೇ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ.’

‘ಈಗ ಸಾಲ?’

‘ಬಡ್ಡಿ ಕಟ್ಟುತ್ತಾ ಇದ್ದೇವೆ. ಈ ಸಲದ ಅಡಕೆಯಲ್ಲಿ ಸ್ವಲ್ಪ ಇಳಿಯಬಹುದು. ತಂಗಿಯ ಓದು ಮುಗಿಯುವ ತನಕ ತೋಟ ಉಳಿದರೆ ಸಾಕು.’

ಸ್ವಲ್ಪ ಹೊತ್ತು ನಾವಾರೂ ಮಾತಾಡಲಿಲ್ಲ. ಕೃಷಿಕರು ಮಾತ್ರ, ‘ಇದು ಸರಿಯಾಗಿ ಲೆಕ್ಕ ಹೇಳುವುದಾದರೆ ಮೊದಲ ನಾಲ್ಕು ನಮ್ಮ ಬೈಲಿಗೆ ಬೇಕು. ಮುಂದಿನ ಸುಲಿತಕ್ಕೆ ಮೊದಲು ತಂದುಕೊಡು. ಪುಕ್ಕಟೆ ಬೇಡ, ಕ್ರಯ ಕೊಡುತ್ತೇವೆ,’ ಎಂದರು. ಹುಡುಗನ ಮುಖ ಅರಳಿದುದನ್ನು ನಾವು ನೋಡಿದೆವು. ಅನುದಾನದ ಕಾಗದ ಬಂದಿದ್ದರೂ ಅವನಿಗೆ ಅಷ್ಟು ಸಂತೋಷವಾಗುತ್ತಿತ್ತೋ ಇಲ್ಲವೋ.

ಹಿಂತಿರುಗುವ ದಾರಿಯಲ್ಲಿ ನಮ್ಮ ಚರ್ಚೆಯೆಲ್ಲ ಆ ತರುಣನ ಮಾತಿನ ಸುತ್ತಲೇ ನಡೆಯಿತು. ಕಾಸರಗೋಡಿನಿಂದ ಕಳಮಶ್ಶೇರಿಗೆ ರೈಲಿನಲ್ಲಿ ಮುನ್ನೂರೈವತ್ತು ಕಿಲೋಮೀಟರಿಗೂ ಮಿಗಿಲು. ಆದರೆ ಕೂಡ್ಲು ಮನೆಯ ಬಾಗಿಲಿನಲ್ಲಿಯೇ ಇದೆ. ಅವನನ್ನು ತಡೆದುದು ದೂರವಲ್ಲ. ಸುದ್ದಿ ಅವನ ಮನೆಯ ಭಾಷೆಯಲ್ಲಿ ಅವನ ತಂದೆಯ ಕಿವಿಗೆ ಬಿದ್ದಿರಲಿಲ್ಲ. ನಮ್ಮ ಸಂವಿಧಾನದ ೩೫೦ನೆಯ ವಿಧಿ, ಕುಂದುಕೊರತೆಯ ನಿವೇದನೆಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಆದರೆ ಉದ್ಯಮಕ್ಕೆ ಬರೆಯುವ ಅರ್ಜಿ ದೂರಲ್ಲ, ಅದೊಂದು ಆಸೆ. ಆಸೆಯ ಪತ್ರವನ್ನು ಇಂಗ್ಲಿಷಿನಲ್ಲಿ ಯೋಜನಾವರದಿಯಾಗಿ, ಲೆಕ್ಕಪತ್ರವಾಗಿ ಬರೆಯಬೇಕಾಗುತ್ತದೆ. ಗಡಿನಾಡಿನ ಎಷ್ಟೋ ಹಿರಿಯರು ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ನುಡಿಯೊಡನೆ ಬಾಳುತ್ತಾರೆ. ಬ್ಯಾಂಕಿನ ಮೇಜಿನ ಮುಂದೆ ಮಾತ್ರ ಮೂರೂ ಸೋಲುತ್ತವೆ.

ಇದು ಕಾಸರಗೋಡೊಂದರ ಮಾತಲ್ಲ. ಹೊಸೂರು, ತಾಳವಾಡಿಯ ನಮ್ಮ ವಾಚಕರಿಗೆ ತಮಿಳುನಾಡು ೨೦೧೨ರಲ್ಲಿ ತೊಡಗಿದ ‘ನೀಡ್ಸ್’ ಎಂಬ ಉದ್ಯಮಶೀಲರ ಯೋಜನೆಯ ಸುದ್ದಿ ಎಷ್ಟು ಮಂದಿಗೆ ತಲುಪಿದೆ? ಸೊಲ್ಲಾಪುರ, ಜತ್ತದವರಿಗೆ ಮಹಾರಾಷ್ಟ್ರದ ೨೦೧೯ರ ಮುಖ್ಯಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ್ದು? ಹೈದರಾಬಾದಿನಲ್ಲಿ ೨೦೧೫ರಲ್ಲಿ ತೆರೆದ ಟಿ-ಹಬ್, ೨೦೧೮ರಲ್ಲಿ ಮಹಿಳಾ ಉದ್ಯಮಿಗಳಿಗಾಗಿಯೇ ಆರಂಭವಾದ ವಿ-ಹಬ್ ಇವುಗಳದ್ದು ಪಶ್ಚಿಮ ತೆಲಂಗಾಣದ ಕನ್ನಡ ಮನೆಗಳಿಗೆ? ಪ್ರತಿಯೊಂದು ರಾಜ್ಯವೂ ತನ್ನ ನುಡಿಯಲ್ಲಿ ಸಾರುತ್ತದೆ, ಅದು ಸಹಜ. ಗಡಿಯ ಈಚೆ ಉಳಿದ ನಾವು ಅದನ್ನು ನಮ್ಮ ನುಡಿಗೆ ತಂದುಕೊಳ್ಳಬೇಕಾದವರು.

ಆದುದರಿಂದ, ಮಗನೋ ಮಗಳೋ ಉದ್ಯಮದ ಮಾತೆತ್ತಿದ ಮನೆಗಳಿಗೆ ಕಂಡು ಬಂದವರಾಗಿ ನಮ್ಮ ನಾಲ್ಕು ಮಾತು. ತೋಟವನ್ನು ಅಡವಿಡುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಜಿಲ್ಲಾ ಉದ್ಯಮ ಕೇಂದ್ರಕ್ಕೆ ಹೋಗಿ ಬನ್ನಿ. ಯೋಜನೆಗಳ ಮಿತಿ, ಅವಧಿಗಳು ಬದಲಾಗುತ್ತಿರುತ್ತವೆಯಾದುದರಿಂದ ಆ ದಿನದ ನಿಯಮವನ್ನೇ ಕೇಳಿ ತಿಳಿಯಿರಿ. ೨೦೨೦ರಲ್ಲಿ ಆರಂಭವಾದ ‘ಉದ್ಯಮ್’ ನೋಂದಣಿಗೆ ಸರಕಾರ ಶುಲ್ಕ ಗೊತ್ತುಮಾಡಿಲ್ಲ. ಅದಕ್ಕೆ ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಯಿಂದ ದೂರವಿರಿ. ಮೊದಲ ಸಾಲಕ್ಕಿಂತ ಮೊದಲು ಮೊದಲ ಗಿರಾಕಿಯನ್ನು ಹುಡುಕಿ. ಮಕ್ಕಳು ಊರಿನಲ್ಲಿಯೇ ಏನನ್ನಾದರೂ ತಯಾರಿಸಿದರೆ ‘ಪಾಪ’ ಎಂದು ಹೊಗಳಿ ಕಳುಹಿಸಬೇಡಿ. ವಸ್ತು ಒಳ್ಳೆಯದಾದರೆ ಕ್ರಯ ಕೊಟ್ಟು ಕೊಳ್ಳಿ, ಕೆಟ್ಟದಾದರೆ ಏಕೆ ಕೆಟ್ಟದೆಂದು ಹೇಳಿ.

ಕೇರಳ ಸರಕಾರ ೨೦೨೨-೨೩ರಲ್ಲಿ ವರ್ಷವೊಂದರಲ್ಲಿ ಲಕ್ಷ ಉದ್ಯಮಗಳೆಂಬ ಗುರಿಯಿಟ್ಟುಕೊಂಡಾಗ, ಅರ್ಜಿದಾರರಿಗೆ ನೆರವಾಗಲೆಂದು ಪಂಚಾಯತುಗಳಲ್ಲಿ ವಿದ್ಯಾವಂತ ತರುಣರನ್ನು ನೇಮಿಸಿತ್ತು. ಅಂತಹ ಕೆಲಸವನ್ನು ಕನ್ನಡದಲ್ಲಿ ಮಾಡಲು ಆಜ್ಞೆಗಾಗಿ ಕಾಯಬೇಕಾಗಿಲ್ಲ. ನಮ್ಮಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಅಧ್ಯಾಪಕರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ. ನಮ್ಮ ಜೊತೆ ಬಂದ ಅಧ್ಯಾಪಕರು ತಮ್ಮ ಊರಿನ ವಾಚನಾಲಯದಲ್ಲಿ ಶನಿವಾರ ಸಂಜೆ ಎರಡು ಗಂಟೆ ಕುಳಿತು, ಬಂದವರಿಗೆ ಅರ್ಜಿಗಳನ್ನು ಓದಿ ಹೇಳಲು ತೊಡಗಿದ್ದಾರೆ. ಮೊದಲ ಶನಿವಾರ ಯಾರೂ ಬರಲಿಲ್ಲವಂತೆ. ಎರಡನೆಯ ಶನಿವಾರ ಹಪ್ಪಳ ಮಾಡುವ ಮೂವರು ಹೆಂಗಸರು ಬಂದರು.